ಮುದ್ರಕದ ಪರದೆಯಲ್ಲಿ ನಮ್ಮದೇ ತಂತ್ರಾಂಶ: ಎಲ್ಲಿ ಬೇಕು, ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನಮ್ಮದು ಧಾರವಾಡ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘ. ಪ್ರಧಾನ ಕಚೇರಿಯಲ್ಲಿ ಎರಡು, ಐದು ಶಾಖೆಗಳಲ್ಲಿ ಒಂದೊಂದರಂತೆ ಬಹುಕಾರ್ಯ ಮುದ್ರಕಗಳಿವೆ. ಬಾಡಿಗೆ ಒಪ್ಪಂದ ಮುಗಿಯುತ್ತಾ ಬಂದಿದೆ. ಸಾಲದ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಸದಸ್ಯ ಸಂಖ್ಯೆಯ ಪ್ರಕಾರ ಇಡುವುದೇ ನಮ್ಮ ದೊಡ್ಡ ಕೆಲಸ. ಹೆಸರಿಡುವಾಗ ತಪ್ಪಾಗಿ ಒಬ್ಬರ ಕಡತ ಇನ್ನೊಬ್ಬರ ಫೋಲ್ಡರ್ ಸೇರುತ್ತದೆ. ಹೊಸ ಯಂತ್ರಗಳಲ್ಲಿ ‘ಓಪನ್ ಪ್ಲಾಟ್‌ಫಾರ್ಮ್’ ಇದೆ, ಇದಕ್ಕೊಂದು ಆ್ಯಪ್ ಹಾಕಿಕೊಡುತ್ತೇವೆ, ಅದಕ್ಕೆ ಪ್ರತ್ಯೇಕ ಶುಲ್ಕ ಎಂದು ಸರಬರಾಜುದಾರರು ಹೇಳುತ್ತಾರೆ. ಈ ಪ್ಲಾಟ್‌ಫಾರ್ಮ್ ಎಂದರೇನು, ನಮಗೆ ಅದು ಬೇಕೇ? ಪಿಎಚ್‌ಪಿ ಬಲ್ಲ ನಮ್ಮ ಪ್ರೋಗ್ರಾಮರ್ ಇಂಥದ್ದನ್ನು ಬರೆಯಬಹುದೇ? ಐದು ವರ್ಷದ ನಂತರ ಬೇರೆ ಕಂಪನಿಯ ಯಂತ್ರ ತಂದರೆ ಗತಿಯೇನು?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದವುಗಳ ಉತ್ತರ ಅದರ ಮೇಲೆ ನಿಂತಿದೆ. ಒಂದು ಕಂಪನಿಯ ಯಂತ್ರಕ್ಕೆಂದು ಬರೆದ ಆ್ಯಪ್ ಇನ್ನೊಂದು ಕಂಪನಿಯ ಯಂತ್ರದಲ್ಲಿ ನಡೆಯುವುದಿಲ್ಲ. ಪ್ಲಾಟ್‌ಫಾರ್ಮ್, ಅಂದರೆ ವೇದಿಕೆ, ಎಂಬುದು ಯಂತ್ರದ ಪರದೆಯಲ್ಲಿ ಹೊರಗಿನವರು ಬರೆದ ಆ್ಯಪ್ ನಡೆಸಲು ಆಯಾ ಕಂಪನಿ ಕೊಡುವ ವ್ಯವಸ್ಥೆ. ಶಾರ್ಪ್‌ನದು ಒಎಸ್‌ಎ, ಕ್ಯಾನನ್‌ನದು ಮೀಪ್, ಜೆರಾಕ್ಸ್‌ನದು ಇಐಪಿ, ಕೊನಿಕಾ ಮಿನೋಲ್ಟಾದ್ದು ಓಪನ್ ಎಪಿಐ, ಕ್ಯೊಸೆರಾದ್ದು ಹೈಪಾಸ್, ಲೆಕ್ಸ್‌ಮಾರ್ಕ್‌ನದು ಇಎಸ್‌ಎಫ್, ಎಚ್‌ಪಿಯದು ಒಎಕ್ಸ್‌ಪಿ. ಹೀಗೆ ಪ್ರತಿಯೊಂದಕ್ಕೂ ಅದರದೇ ಹೆಸರು, ಅದರದೇ ಕರಾರು, ಅದರದೇ ಪರವಾನಗಿ. ಮುದ್ರಣದ ಮಟ್ಟಿಗೆ ಈ ಉದ್ಯಮದಲ್ಲಿ ಎಲ್ಲರೂ ಒಪ್ಪಿದ ಮಾನದಂಡಗಳಿವೆ. ಐಪಿಪಿ ಎಂಬ ಮುದ್ರಣ ವಿಧಾನ ಬಳಸಿ ಯಾವ ಕಂಪನಿಯ ಯಂತ್ರಕ್ಕಾದರೂ ಮುದ್ರಣಕ್ಕೆ ಕಡತ ಕಳಿಸಬಹುದು; ಟೋನರ್ ಎಷ್ಟು ಉಳಿದಿದೆ, ಎಷ್ಟು ಪುಟ ಓಡಿದೆ ಎಂದು ಎಸ್‌ಎನ್‌ಎಂಪಿ ಎಂಬ ಜಾಲ ನಿರ್ವಹಣೆಯ ಭಾಷೆಯ ಮೂಲಕ ವಿಚಾರಿಸುವ ವಿಧಾನ 1995ರಲ್ಲಿಯೇ ಆರ್‌ಎಫ್‌ಸಿ 1759 ಎಂಬ ಅಂತರಜಾಲ ಮಾನದಂಡದ ದಾಖಲೆಯಾಗಿ ಪ್ರಕಟವಾಗಿದೆ. ಆದರೆ ಯಂತ್ರದ ಪರದೆಯ ಮೇಲೆ ಏನು ಕಾಣಬೇಕು, ಅಲ್ಲಿನ ಗುಂಡಿ ಒತ್ತಿದರೆ ಸ್ಕ್ಯಾನರ್ ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯದಲ್ಲಿ ಅಂಥ ಒಮ್ಮತ ಬೇರೂರಲೇ ಇಲ್ಲ. 2024ರ ಜುಲೈನಲ್ಲಿ ರಿಕೊ ಮತ್ತು ತೋಷಿಬಾ ಟೆಕ್ ಕಂಪನಿಗಳು ಎಟ್ರಿಯಾ ಎಂಬ ಜಂಟಿ ಸಂಸ್ಥೆಯಲ್ಲಿ ಯಂತ್ರಗಳ ಅಭಿವೃದ್ಧಿ ಮತ್ತು ತಯಾರಿಕೆಯನ್ನು ಒಂದುಗೂಡಿಸಿದವು. ಹಾಗಿದ್ದೂ ಅವು ಮಾರುವುದು ತಂತಮ್ಮ ಹೆಸರಿನಲ್ಲಿ, ತಂತಮ್ಮ ತಂತ್ರಾಂಶದೊಂದಿಗೆ. ಸ್ಯಾಮ್‌ಸಂಗ್‌ನ ಮುದ್ರಕ ವ್ಯವಹಾರವನ್ನು ಎಚ್‌ಪಿ 2016ರಲ್ಲಿ ಕೊಳ್ಳುವುದಾಗಿ ಪ್ರಕಟಿಸಿ 2017ರ ನವೆಂಬರ್‌ನಲ್ಲಿ 105 ಕೋಟಿ ಡಾಲರ್‌ಗೆ ವಶಕ್ಕೆ ತೆಗೆದುಕೊಂಡಾಗ, ಸ್ಯಾಮ್‌ಸಂಗ್‌ನ ಎಕ್ಸ್‌ಒಎ ವೇದಿಕೆಯನ್ನು ನಂಬಿ ತಂತ್ರಾಂಶ ಬರೆದಿದ್ದವರ ಮುಂದಿನ ದಾರಿ ಎಚ್‌ಪಿಯ ನಿರ್ಧಾರಕ್ಕೆ ಬಿತ್ತು. ಬೇರೆ ಕಂಪನಿಗೆ ಹೋದರೆ ಆ್ಯಪ್ ಹೋಯಿತು ಎಂದು ಮೊದಲೇ ಲೆಕ್ಕ ಹಾಕಿ, ಹೋಗುವ ಭಾಗ ಎಷ್ಟು ಚಿಕ್ಕದಾಗಿರಬೇಕೆಂದು ನಿರ್ಧರಿಸುವುದಷ್ಟೇ ನಿಮ್ಮ ಕೈಯಲ್ಲಿರುವುದು.

ಅದಕ್ಕಾಗಿ ಸರಬರಾಜುದಾರರನ್ನು ಕೇಳಬೇಕಾದ ಮೊದಲ ವಿಷಯ, ಅವರು ಹೇಳುವ ಆ್ಯಪ್ ಎಲ್ಲಿ ಕೂತು ಕೆಲಸ ಮಾಡುತ್ತದೆ ಎಂಬುದು. ವೇದಿಕೆಗಳು ಸ್ಥೂಲವಾಗಿ ಎರಡು ಬಗೆಯವು. ಒಂದರಲ್ಲಿ ಆ್ಯಪ್ ಯಂತ್ರದ ಒಳಗೇ ಸ್ಥಾಪನೆಯಾಗುತ್ತದೆ. ಕ್ಯಾನನ್‌ನ ಮೀಪ್ ಈ ಜಾತಿಯದು: ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ಕಟ್ಟಾದ ಜಾರ್ ಕಡತವನ್ನೂ ಆ ಒಂದು ಯಂತ್ರದ ಕ್ರಮಸಂಖ್ಯೆಗೆ ಕಟ್ಟಿಹಾಕಿದ ಪರವಾನಗಿ ಕಡತವನ್ನೂ ನಿರ್ವಹಣಾ ಪುಟದ ಮೂಲಕ ಏರಿಸಬೇಕು. ತನಗೆ ಎಷ್ಟು ಮೆಮೊರಿ, ಎಷ್ಟು ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ), ಎಷ್ಟು ಸಾಕೆಟ್ (ಜಾಲ ಸಂಪರ್ಕದ ಕೊಂಡಿ) ಬೇಕೆಂದು ಆ್ಯಪ್ ಮೊದಲೇ ಘೋಷಿಸಿಕೊಂಡಿರಬೇಕು. ಯಂತ್ರದಲ್ಲಿ ಅಷ್ಟು ಉಳಿದಿರದಿದ್ದರೆ ಅದು ಶುರುವಾಗುವುದಿಲ್ಲ. ಹೈಪಾಸ್, ಇಎಸ್‌ಎಫ್ ಕೂಡ ಜಾವಾ ಆಧಾರಿತ. ರಿಕೊದ ಈಚಿನ ಸ್ಪರ್ಶಪರದೆಗಳು, ಎಚ್‌ಪಿಯ ವರ್ಕ್‌ಪಾತ್ ಆಂಡ್ರಾಯ್ಡ್ ಕಡೆಗೆ ಹೊರಳಿವೆ. ಎರಡನೆಯ ಬಗೆಯಲ್ಲಿ ಆ್ಯಪ್ ಇರುವುದು ನಿಮ್ಮ ಸರ್ವರ್‌ನಲ್ಲಿ. ಯಂತ್ರದ ಪರದೆಯಲ್ಲಿರುವುದು ಒಂದು ಬ್ರೌಸರ್ ಮಾತ್ರ. ಶಾರ್ಪ್ ಒಎಸ್‌ಎ, ಜೆರಾಕ್ಸ್ ಇಐಪಿ ಈ ದಾರಿಯವು. ಹಲವು ಕಂಪನಿಗಳು ಈಗ ಎರಡನ್ನೂ ಕೊಡುತ್ತವೆ, ಹಾಗಾಗಿ ವೇದಿಕೆಯ ಹೆಸರು ಕೇಳಿ ಸುಮ್ಮನಾಗದೆ, ನಿಮಗೆ ತೋರಿಸುತ್ತಿರುವ ಈ ಒಂದು ಆ್ಯಪ್ ಯಾವ ಬಗೆಯದು ಎಂದು ವಿಚಾರಿಸಿ.

ಎರಡನೆಯ ಬಗೆ ಹೇಗೆ ನಡೆಯುತ್ತದೆ ಎಂಬುದನ್ನು ನಿಮ್ಮದೇ ಕೆಲಸವಿಟ್ಟುಕೊಂಡು ಸ್ವಲ್ಪ ವಿವರವಾಗಿ ನೋಡೋಣ. ಶಾರ್ಪ್ ಯಂತ್ರದ ನಿರ್ವಹಣಾ ಪುಟದಲ್ಲಿ ಹೊರಗಿನ ಅಪ್ಲಿಕೇಶನ್‌ಗಳಿಗೆಂದು ಇರುವ ಭಾಗದಲ್ಲಿ ಎರಡು ವಿಳಾಸಗಳನ್ನು ತುಂಬಬೇಕು: ಪರದೆಯಲ್ಲಿ ತೋರಿಸಬೇಕಾದ ಪುಟದ ವಿಳಾಸ ಒಂದು, ಯಂತ್ರವು ತನ್ನ ವರದಿಗಳನ್ನು ಒಪ್ಪಿಸಬೇಕಾದ ವೆಬ್ ಸೇವೆಯ ವಿಳಾಸ ಇನ್ನೊಂದು. ಗುಮಾಸ್ತರು ‘ಸಾಲದ ಕಡತ’ ಎಂಬ ಗುಂಡಿ ಒತ್ತಿದಾಗ ಯಂತ್ರದ ಬ್ರೌಸರ್ ನಿಮ್ಮ ಸರ್ವರ್‌ನಿಂದ ಒಂದು ಪುಟ ತರಿಸುತ್ತದೆ. ಅವರು ಸದಸ್ಯ ಸಂಖ್ಯೆ ಒತ್ತುತ್ತಾರೆ. ಸರ್ವರ್ ನಿಮ್ಮ ದತ್ತಸಂಚಯದಲ್ಲಿ ಹುಡುಕಿ, ಆ ಸಂಖ್ಯೆಯ ಸದಸ್ಯರ ಹೆಸರು, ಊರು, ಚಾಲ್ತಿಯಲ್ಲಿರುವ ಸಾಲದ ಖಾತೆಗಳನ್ನು ಪರದೆಗೆ ಕಳಿಸುತ್ತದೆ. ಕೈಯಲ್ಲಿರುವ ಕಾಗದದ ಹೆಸರೂ ಪರದೆಯ ಹೆಸರೂ ಒಂದೇ ಎಂದು ನೋಡಿಕೊಂಡು, ಪಹಣಿಯೋ ಜಾಮೀನು ಪತ್ರವೋ ಎಂದು ಆರಿಸಿ ಅವರು ಮುಂದುವರಿದಾಗ, ಈ ಬಾರಿ ಸರ್ವರ್ ಯಂತ್ರಕ್ಕೆ ಆಜ್ಞೆ ಕೊಡುತ್ತದೆ: ಎರಡೂ ಬದಿ, 300 ಡಿಪಿಐ, ಕಪ್ಪುಬಿಳುಪು, ಇಂಥ ವಿಳಾಸಕ್ಕೆ ಪಿಡಿಎಫ್. ಯಂತ್ರ ಸ್ಕ್ಯಾನ್ ಮಾಡಿ ಕಡತವನ್ನು ಸರ್ವರ್‌ಗೆ ತಲುಪಿಸಿ, ಕೆಲಸ ಮುಗಿಯಿತು ಎಂದು ಇನ್ನೊಂದು ಸಂದೇಶ ಕಳಿಸುತ್ತದೆ. ಇಲ್ಲಿ ಮಾತು ಎರಡೂ ದಿಕ್ಕಿನಲ್ಲಿ ಹರಿಯುತ್ತದೆ. ಜಾಲದ ಕಾವಲು ವ್ಯವಸ್ಥೆಯಾದ ಫೈರ್‌ವಾಲ್‌ನಲ್ಲಿ ಯಂತ್ರದಿಂದ ಸರ್ವರ್‌ಗೆ ಮಾತ್ರ ದಾರಿ ಬಿಟ್ಟು, ಸರ್ವರ್‌ನಿಂದ ಯಂತ್ರಕ್ಕೆ ದಾರಿ ಮುಚ್ಚಿಟ್ಟರೆ, ಪರದೆಯಲ್ಲಿ ಪುಟ ಚೆನ್ನಾಗಿಯೇ ಕಾಣುತ್ತದೆ, ಸ್ಕ್ಯಾನ್ ಮಾತ್ರ ಆಗುವುದಿಲ್ಲ.

ಈ ಇಡೀ ಸರಣಿಯಲ್ಲಿ ನೀವು ದುಡ್ಡು ಕೊಟ್ಟು ಪಡೆಯುತ್ತಿರುವ ನಿಜವಾದ ವಸ್ತು ಒಂದೇ: ಸ್ಕ್ಯಾನ್‌ಗೆ ಮುಂಚೆ ಹೆಸರು ತೋರಿಸಿ ‘ಇವರೇ ಹೌದೇ’ ಎಂದು ಕೇಳುವ ಆ ಹಂತ. ಮಿಕ್ಕ ಎಲ್ಲವನ್ನೂ, ಅಂದರೆ ನಿಗದಿತ ಫೋಲ್ಡರ್‌ಗೆ ಕಳಿಸುವುದು, ಹೆಸರಿನ ಮುಂದೆ ದಿನಾಂಕ ಸೇರಿಸುವುದು, ಇಮೇಲ್ ಮಾಡುವುದು, ಇವನ್ನೆಲ್ಲ ಯಾವ ವೇದಿಕೆಯೂ ಇಲ್ಲದ ಸಾಮಾನ್ಯ ಯಂತ್ರವೂ ಮಾಡುತ್ತದೆ. ಸರಬರಾಜುದಾರರು ತೋರಿಸುವ ಆ್ಯಪ್‌ನಲ್ಲಿ ಈ ಹಂತ ಇಲ್ಲದಿದ್ದರೆ, ಗುಮಾಸ್ತರು ಟೈಪ್ ಮಾಡಿದ ಸಂಖ್ಯೆಯನ್ನು ಅದು ಹಾಗೆಯೇ ಕಡತದ ಹೆಸರಾಗಿ ಅಂಟಿಸುವುದಾದರೆ, ಆ ಶುಲ್ಕ ಕೊಡಬೇಡಿ; ನಿಮ್ಮ ಈಗಿನ ತಪ್ಪುಗಳೇ ಇನ್ನಷ್ಟು ಅಚ್ಚುಕಟ್ಟಾಗಿ ನಡೆಯುತ್ತವೆ.

ಶಾಖೆಗಳಿಗೆ ಇದಕ್ಕಿಂತ ಅಗ್ಗದ ದಾರಿಯೊಂದಿದೆ, ಇದನ್ನು ಯಂತ್ರ ಮಾರುವವರು ತಾವಾಗಿ ಹೇಳುವುದು ಕಡಿಮೆ. ಸಾಲದ ಅರ್ಜಿ ನಿಮ್ಮ ತಂತ್ರಾಂಶದಲ್ಲಿ ದಾಖಲಾಗುವಾಗಲೇ ಸದಸ್ಯ ಸಂಖ್ಯೆ, ಖಾತೆ ಸಂಖ್ಯೆ, ದಾಖಲೆಯ ಬಗೆಯನ್ನು ಹೊತ್ತ ಕ್ಯೂಆರ್ ಸಂಕೇತವಿರುವ ಒಂದು ಮುಖಪುಟ ಮುದ್ರಿಸಿ, ಕೆಳಗೆ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ. ಆ ಹಾಳೆಯನ್ನು ಕಾಗದಗಳ ಮೇಲಿಟ್ಟು, ಯಾವ ಯಂತ್ರದಲ್ಲಾದರೂ ಸಾಮಾನ್ಯ ಫೋಲ್ಡರ್‌ಗೆ ಸ್ಕ್ಯಾನ್ ಮಾಡಲಿ. ಸರ್ವರ್‌ನಲ್ಲಿರುವ ಚಿಕ್ಕ ಪ್ರೋಗ್ರಾಮ್ ಆ ಸಂಕೇತವನ್ನು ಓದಿ, ಕಟ್ಟನ್ನು ಬೇರ್ಪಡಿಸಿ, ಸರಿಯಾದ ಜಾಗಕ್ಕೆ ಸೇರಿಸುತ್ತದೆ. ಯಂತ್ರ ಹಳೆಯದಾದರೂ, ನಾಳೆ ಕಂಪನಿ ಬದಲಾದರೂ ಇದಕ್ಕೆ ಏನೂ ಆಗುವುದಿಲ್ಲ; ಸಂಪರ್ಕ ಕಡಿದುಹೋದ ದಿನ ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡಿ ಸಂಜೆ ಏರಿಸಿದರೂ ನಡೆಯುತ್ತದೆ. ದಿನಕ್ಕೆ ಹತ್ತಾರು ಕಡತಗಳಷ್ಟೇ ಬರುವ ಶಾಖೆಗೆ ನಾನು ಇದನ್ನೇ ಹೇಳುತ್ತೇನೆ. ದಿನವಿಡೀ ಸ್ಕ್ಯಾನಿಂಗ್ ನಡೆಯುವ, ಹಳೆಯ ಕಡತಗಳೂ ಬಂದು ಬೀಳುವ ಪ್ರಧಾನ ಕಚೇರಿಯ ಎರಡು ಯಂತ್ರಗಳಿಗೆ ಮಾತ್ರ ವೇದಿಕೆ ತೆಗೆದುಕೊಳ್ಳಿ, ಅದೂ ಎರಡನೆಯ ಬಗೆಯದನ್ನು.

ನಿಮ್ಮ ಪ್ರೋಗ್ರಾಮರ್ ವಿಷಯಕ್ಕೆ ಬರೋಣ. ಯಂತ್ರದೊಳಗೆ ಸ್ಥಾಪಿಸುವ ಬಗೆಯಾದರೆ ಅವರಿಗೆ ಜಾವಾ ಅಥವಾ ಆಂಡ್ರಾಯ್ಡ್ ಬರಬೇಕು, ಕಂಪನಿಯ ಡೆವಲಪರ್ ಕಾರ್ಯಕ್ರಮಕ್ಕೆ ಸೇರಬೇಕು, ಬರೆದದ್ದಕ್ಕೆ ಕಂಪನಿಯ ಸಹಿ ಅಥವಾ ಪರವಾನಗಿ ಪಡೆಯಬೇಕು. ಒಂದು ಸಹಕಾರ ಸಂಘ ಏಳು ಯಂತ್ರಗಳಿಗಾಗಿ ಮಾಡುವ ಕೆಲಸ ಅದಲ್ಲ. ಸರ್ವರ್ ಬಗೆಯಾದರೆ ಪಿಎಚ್‌ಪಿ ಸಾಕು, ಏಕೆಂದರೆ ಅಲ್ಲಿ ನಡೆಯುವುದು ಎಚ್‌ಟಿಟಿಪಿ ಮೇಲೆ ಎಚ್‌ಟಿಎಂಎಲ್ ಪುಟಗಳ ಮತ್ತು ಎಕ್ಸ್‌ಎಂಎಲ್ ಸಂದೇಶಗಳ ವಿನಿಮಯ. ಸೋಪ್ ಎಂಬ ನಿಗದಿತ ರೂಪದಲ್ಲಿ ಈ ಎಕ್ಸ್‌ಎಂಎಲ್ ಸಂದೇಶ ಕಟ್ಟುವ ಸೌಲಭ್ಯ ಪಿಎಚ್‌ಪಿಯಲ್ಲಿಯೇ ಇದೆ. ಎಸ್‌ಡಿಕೆಯನ್ನೂ (ಆ್ಯಪ್ ಬರೆಯಲು ಕಂಪನಿ ಕೊಡುವ ಸಾಧನಗಳ ಕಟ್ಟು) ಅದರ ಕರಾರನ್ನೂ ಮಾತ್ರ ಸರಬರಾಜುದಾರರ ಮೂಲಕ ತರಿಸಿಕೊಳ್ಳಬೇಕು, ಅದಕ್ಕೆ ಬೇಕಾಗುವ ಕಾಲವನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಬರೆಯುವಾಗ ಒಂದು ಶಿಸ್ತು ಪಾಲಿಸಲಿ: ಸದಸ್ಯರನ್ನು ಹುಡುಕುವುದು, ಕಡತಕ್ಕೆ ಹೆಸರಿಡುವುದು, ಉಳಿಸುವುದು, ಯಾರು ಯಾವಾಗ ಸ್ಕ್ಯಾನ್ ಮಾಡಿದರೆಂದು ದಾಖಲಿಸುವುದು ಇವೆಲ್ಲ ಒಂದು ಕಡೆ, ಶಾರ್ಪ್‌ಗೋ ಜೆರಾಕ್ಸ್‌ಗೋ ಆಜ್ಞೆ ಕೊಡುವ ಭಾಗ ಇನ್ನೊಂದು ಕಡೆ. ಮುಖಪುಟದ ಕ್ಯೂಆರ್ ಓದುವ ಪ್ರೋಗ್ರಾಮ್ ಕೂಡ ಮೊದಲ ಭಾಗವನ್ನೇ ಬಳಸಲಿ. ಆಗ ಐದು ವರ್ಷದ ನಂತರ ಯಂತ್ರದ ಕಂಪನಿ ಬದಲಾದರೆ ಹೊಸದಾಗಿ ಬರೆಯಬೇಕಾದದ್ದು ಎರಡನೆಯ ಭಾಗ ಮಾತ್ರ.

ಕನ್ನಡದ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ, ಇದು ಡೆಮೊ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಡೆಮೊ ನಡೆಯುವುದು ಇಂಗ್ಲಿಷ್‌ನಲ್ಲಿ. ಕಂಪ್ಯೂಟರಿನಿಂದ ಕನ್ನಡ ಮುದ್ರಿಸುವಾಗ ಅಕ್ಷರಗಳ ಆಕಾರವನ್ನು ಕಂಪ್ಯೂಟರೇ ಸಿದ್ಧಪಡಿಸಿ ಕಳಿಸುವುದರಿಂದ ಯಂತ್ರಕ್ಕೆ ಕನ್ನಡ ಗೊತ್ತಿರಬೇಕಾಗಿಲ್ಲ. ಆದರೆ ಯಂತ್ರದ ಪರದೆಯಲ್ಲಿರುವ ಬ್ರೌಸರ್ ತಾನೇ ಅಕ್ಷರ ಮೂಡಿಸಬೇಕು. ಅದರಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಸದಸ್ಯರ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳ ಸಾಲು ಬರುತ್ತದೆ; ಫಾಂಟ್ ಇದ್ದು ಒತ್ತಕ್ಷರ ಜೋಡಿಸುವ ವ್ಯವಸ್ಥೆ ಇಲ್ಲದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ‘ಲಕ್ಷ್ಮೇಶ್ವರ’, ‘ಕೃಷ್ಣಪ್ಪ’ ಎಂಬ ಎರಡು ಪದಗಳನ್ನು ಆ ಬ್ರೌಸರ್‌ನಲ್ಲಿ ತೆರೆದು ನೋಡಿದರೆ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಹೆಸರು ತೋರಿಸುವುದೇ ಇಡೀ ವ್ಯವಸ್ಥೆಯ ಉದ್ದೇಶವಾಗಿರುವಾಗ ಇದು ಸಣ್ಣ ವಿಷಯವಲ್ಲ. ಪರಿಹಾರ ಕಷ್ಟವೇನಲ್ಲ: ಹೆಸರನ್ನೂ ಗುಂಡಿಗಳ ಮೇಲಿನ ಬರಹವನ್ನೂ ಸರ್ವರ್‌ನಲ್ಲಿಯೇ ಚಿತ್ರವಾಗಿ ಮೂಡಿಸಿ ಕಳಿಸಿದರೆ ಯಾವ ಬ್ರೌಸರ್ ಆದರೂ ತೋರಿಸುತ್ತದೆ. ಸರ್ವರ್ ಬಗೆಯನ್ನು ನಾನು ಮೆಚ್ಚಲು ಇದೂ ಒಂದು ಕಾರಣ. ಯಂತ್ರದೊಳಗಿನ ಆ್ಯಪ್ ಆದರೆ ಇಂಥ ಬದಲಾವಣೆಗೂ ಅದನ್ನು ಬರೆದವರ ಬಾಗಿಲು ತಟ್ಟಬೇಕು. ನಿಮ್ಮ ಸದಸ್ಯರ ಪಟ್ಟಿ ಇನ್ನೂ ಯೂನಿಕೋಡ್‌ಗೆ ಬಾರದೆ ಹಳೆಯ ನುಡಿ ಫಾಂಟ್‌ಗಳ ಸಂಕೇತದಲ್ಲಿಯೇ ಇದ್ದರೆ, ಮೊದಲು ಅದನ್ನು ಪರಿವರ್ತಿಸಿ. ಕಡತಗಳ ಹೆಸರನ್ನು ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳಲ್ಲೇ ಇಡುವುದು ಒಳ್ಳೆಯದು.

ಸ್ಕ್ಯಾನ್ ಆದ ಕಾಗದವನ್ನು ಪದ ಹಾಕಿ ಹುಡುಕುವ ಸೌಲಭ್ಯವೂ ಬರುತ್ತದೆಯೇ ಎಂದು ಮುಂದೆ ನೀವು ಕೇಳುವಿರಿ. ಯಂತ್ರದೊಳಗಿನ ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿ ಓದುವ ತಂತ್ರಾಂಶ) ಕನ್ನಡ ಓದುತ್ತದೆಂದು ಬರೆದು ಕೊಟ್ಟರೆ ಮಾತ್ರ ನಂಬಿ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡದ ದತ್ತಾಂಶ ಲಭ್ಯವಿದೆ. ರಾತ್ರಿ ಸರ್ವರ್ ಬಿಡುವಾಗಿದ್ದಾಗ ಅದನ್ನು ಓಡಿಸಬಹುದು. ಮುದ್ರಿತ ಪಹಣಿಗೆ ಅದು ತಕ್ಕಮಟ್ಟಿಗೆ ನೆರವಾಗುತ್ತದೆ, ಕೈಬರಹದ ಹಳೆಯ ಪತ್ರಗಳಿಗೆ ಇಲ್ಲ.

ಪ್ರತಿಗಳ ಲೆಕ್ಕ ಮತ್ತು ಕಾರ್ಡ್ ತೋರಿಸಿ ಮುದ್ರಣ ಪಡೆಯುವ ವ್ಯವಸ್ಥೆಯನ್ನೂ ಇದರೊಟ್ಟಿಗೆ ಸೇರಿಸಿ ಮಾರುವುದು ವಾಡಿಕೆ. ಅದು ವೇದಿಕೆಯ ಬೇರೆ ಘಟಕ. ಶಾರ್ಪ್‌ನ ಹಲವು ಮಾದರಿಗಳಲ್ಲಿ ಸ್ಕ್ಯಾನ್‌ಗೆ ವಿವರಗಳನ್ನು ಸೇರಿಸುವುದಕ್ಕೆ ಎಂಎಕ್ಸ್-ಎಎಂಎಕ್ಸ್1, ಪರದೆಯಲ್ಲಿ ಹೊರಗಿನ ಆ್ಯಪ್ ನಡೆಸುವುದಕ್ಕೆ ಎಎಂಎಕ್ಸ್2, ಲೆಕ್ಕ ಮತ್ತು ನಿಯಂತ್ರಣಕ್ಕೆ ಎಎಂಎಕ್ಸ್3 ಎಂದು ಮೂರು ಪ್ರತ್ಯೇಕ ಕಿಟ್‌ಗಳಿದ್ದವು. ನಿಮ್ಮ ಸ್ಕ್ಯಾನ್ ಕೆಲಸಕ್ಕೆ ಮೂರನೆಯದು ಬೇಕಿಲ್ಲ. ದರಪಟ್ಟಿಯಲ್ಲಿ ‘ಪ್ಲಾಟ್‌ಫಾರ್ಮ್ ಶುಲ್ಕ’ ಎಂಬ ಒಂದೇ ಸಾಲಿದ್ದರೆ ಒಡೆದು ಬರೆಯಲು ಹೇಳಿ. ಲೆಕ್ಕದ ಘಟಕವನ್ನು ತೆಗೆದುಕೊಳ್ಳುವುದೇ ಆದರೆ, ಸರ್ವರ್ ಸಿಗದ ಹೊತ್ತಿನಲ್ಲಿ ಯಂತ್ರ ಏನು ಮಾಡಬೇಕೆಂದು ಮೊದಲೇ ನಿರ್ಧರಿಸಿ. ದೃಢೀಕರಣ ಸರ್ವರ್‌ನಿಂದಲೇ ಬರಬೇಕೆಂದು ಹೊಂದಿಸಿದ ಯಂತ್ರ, ಸರ್ವರ್ ನಿಂತರೆ, ಒಂದು ಸಾದಾ ಜೆರಾಕ್ಸ್ ಪ್ರತಿಯನ್ನೂ ಕೊಡದೆ ಕೂರಬಹುದು. ಸದಸ್ಯರು ಕೌಂಟರ್ ಮುಂದೆ ನಿಂತಿರುವಾಗ ಅದು ಕಷ್ಟ. ಹಾಜರಾತಿಯ ಕಾರ್ಡನ್ನೇ ಇಲ್ಲಿಯೂ ಬಳಸುವ ಯೋಚನೆಯಿದ್ದರೆ, ಒಂದೇ ಕಾರ್ಡನ್ನು ಒಂದು ರೀಡರ್ ದಶಮಾನದಲ್ಲಿಯೂ ಇನ್ನೊಂದು ಹದಿನಾರರ ಮಾನದಲ್ಲಿಯೂ, ಕೆಲವೊಮ್ಮೆ ಬೈಟ್‌ಗಳನ್ನು ಹಿಂದುಮುಂದಾಗಿಯೂ ಓದುವುದರಿಂದ, ಎರಡು ಪಟ್ಟಿಗಳ ಸಂಖ್ಯೆಗಳು ತಾಳೆಯಾಗದಿದ್ದರೆ ಗಾಬರಿಯಾಗಬೇಡಿ. ಪರಿವರ್ತನೆಯ ಸೂತ್ರ ಹಾಕಿದರೆ ಸರಿಹೋಗುತ್ತದೆ.

ಒಂದು ಎಚ್ಚರಿಕೆ: ಈಗಿನ ಯಂತ್ರ ಸರಿಯಾಗಿ ಸ್ಕ್ಯಾನ್ ಕಳಿಸುತ್ತಿಲ್ಲ ಎಂಬುದೂ ಹೊಸ ವೇದಿಕೆಯ ಪರವಾದ ವಾದಗಳಲ್ಲಿ ಒಂದಾಗಿದ್ದರೆ, ಕಾರಣ ಬೇರೆಯೇ ಇರಬಹುದು. 2017ರ ಕೊನೆಯಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಜಾಲದಲ್ಲಿ ಫೋಲ್ಡರ್ ಹಂಚಿಕೊಳ್ಳುವ ಹಳೆಯ ಎಸ್‌ಎಂಬಿ1 ವಿಧಾನ ತಾನಾಗಿ ಸ್ಥಾಪನೆಯಾಗುವುದಿಲ್ಲ. ಅದನ್ನಷ್ಟೇ ಬಲ್ಲ ಯಂತ್ರಗಳು ಫೋಲ್ಡರ್‌ಗೆ ಕಳಿಸಲಾರವು. ಹಾಗೆಯೇ ಬರಿಯ ಬಳಕೆದಾರ ಹೆಸರು, ಗುಪ್ತಪದ ಕೊಟ್ಟು ಜಿಮೇಲ್ ಮೂಲಕ ಕಳಿಸುವುದನ್ನು ಗೂಗಲ್ ಖಾಸಗಿ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಇವೆರಡೂ ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ತಂತ್ರಾಂಶ) ನವೀಕರಿಸಿ, ಹೊಂದಾಣಿಕೆ ಬದಲಿಸಿ ಬಗೆಹರಿಸಬಹುದಾದವು.

ಭದ್ರತೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಆಧಾರ್ ಪ್ರತಿ, ಭೂದಾಖಲೆ, ಸಹಿಯ ಮಾದರಿಗಳು ಹಾದುಹೋಗುವ ಯಂತ್ರವಾದ್ದರಿಂದ ಹೇಳಲೇಬೇಕು. ವೇದಿಕೆ ತೆರೆದಷ್ಟೂ ದಾಳಿಗೆ ಒಡ್ಡಿಕೊಳ್ಳುವ ಜಾಗ ಹೆಚ್ಚುತ್ತದೆ. ಮುದ್ರಣ ನಿರ್ವಹಣೆಗೆ ಬಹಳ ಕಡೆ ಬಳಕೆಯಲ್ಲಿರುವ ಆಸ್ಟ್ರೇಲಿಯಾದ ಪೇಪರ್‌ಕಟ್ ತಂತ್ರಾಂಶದಲ್ಲಿ ಗುಪ್ತಪದವಿಲ್ಲದೆ ಸರ್ವರನ್ನೇ ವಶಪಡಿಸಿಕೊಳ್ಳಬಹುದಾದ, ತೀವ್ರತೆಯಲ್ಲಿ ಹತ್ತಕ್ಕೆ 9.8 ಅಂಕದ ದೋಷವೊಂದು 2023ರಲ್ಲಿ ಪತ್ತೆಯಾಯಿತು. ತಿದ್ದುಪಡಿ ಮಾರ್ಚ್‌ನಲ್ಲಿಯೇ ಬಂದಿತ್ತು. ಅದನ್ನು ಹಾಕಿಕೊಳ್ಳದಿದ್ದವರ ಸರ್ವರ್‌ಗಳ ಮೇಲೆ ಏಪ್ರಿಲ್‌ನಲ್ಲಿ ದಾಳಿಗಳು ನಡೆದವು. ಮುದ್ರಕಗಳನ್ನೂ ಅವುಗಳ ಸರ್ವರನ್ನೂ ಪ್ರತ್ಯೇಕ ಜಾಲಭಾಗದಲ್ಲಿರಿಸಿ, ನಿರ್ವಹಣಾ ಪುಟವನ್ನು ಅಂತರಜಾಲಕ್ಕೆ ತೆರೆದಿಡಬೇಡಿ, ಕಾರ್ಖಾನೆಯಿಂದ ಬಂದ ಗುಪ್ತಪದಗಳನ್ನು ಮೊದಲ ದಿನವೇ ಬದಲಿಸಿ. ಪರದೆಗೂ ಸರ್ವರ್‌ಗೂ ನಡುವಿನ ಮಾತು ಟಿಎಲ್‌ಎಸ್ ಎಂಬ ಗೂಢಲಿಪಿ ವಿಧಾನದ 1.2 ಅಥವಾ ಅದಕ್ಕಿಂತ ಹೊಸ ಆವೃತ್ತಿಯಲ್ಲಿರಲಿ. 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲಿಯೇ ಮಾನದಂಡದಿಂದ ಕೈಬಿಡಲಾಗಿದೆ. ಸಂಪೂರ್ಣ ನವೀಕರಿಸಿದ ಹಳೆಯ ಯಂತ್ರಗಳನ್ನು ಸರಬರಾಜುದಾರರು ಕೊಡುವುದಾದರೆ ಇದನ್ನು ಪರೀಕ್ಷಿಸದೆ ಒಪ್ಪಬೇಡಿ.

ಒಪ್ಪಂದದಲ್ಲಿ ಈ ಮಾತುಗಳು ಬರಹದಲ್ಲಿರಲಿ: ವೇದಿಕೆಯ ಪರವಾನಗಿ ಯಂತ್ರದ ಬಾಡಿಗೆಯ ಪೂರ್ತಿ ಅವಧಿಗೆ ಇರುತ್ತದೆಯೇ, ವರ್ಷವರ್ಷ ನವೀಕರಿಸಬೇಕೇ, ಯಂತ್ರ ಕೆಟ್ಟು ಬದಲಿ ಯಂತ್ರ ಕೊಟ್ಟಾಗ, ಕ್ರಮಸಂಖ್ಯೆಗೆ ಕಟ್ಟಿದ ಪರವಾನಗಿಯನ್ನು ಯಾರ ಖರ್ಚಿನಲ್ಲಿ, ಎಷ್ಟು ದಿನದೊಳಗೆ ವರ್ಗಾಯಿಸುತ್ತಾರೆ, ಫರ್ಮ್‌ವೇರ್ ನವೀಕರಿಸಿದ ಮೇಲೆ ಆ್ಯಪ್ ನಿಂತರೆ ಸರಿಪಡಿಸುವ ಹೊಣೆ ಯಾರದು. ಈ ಕೊನೆಯದರಲ್ಲಿ ಯಂತ್ರ ಕೊಟ್ಟವರು ಆ್ಯಪ್ ಬರೆದವರತ್ತಲೂ, ಅವರು ಇವರತ್ತಲೂ ಬೆರಳು ತೋರಿಸುವುದು ಸಾಮಾನ್ಯ. ಒಬ್ಬರ ಹೆಸರು ಬರೆಸಿಕೊಳ್ಳಿ. ಯಂತ್ರ ಹಿಂದಿರುಗಿಸುವಾಗ ಒಳಗಿನ ಡಿಸ್ಕನ್ನು ಅಳಿಸಿ ಪ್ರಮಾಣಪತ್ರ ಕೊಡುವ, ಇಲ್ಲವೇ ಡಿಸ್ಕನ್ನೇ ನಿಮ್ಮ ವಶಕ್ಕೆ ಬಿಡುವ ಕರಾರೂ ಬೇಕು. ಅಮೆರಿಕದಲ್ಲಿ ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ಸಂಸ್ಥೆ ಬಾಡಿಗೆ ಕಾಪಿಯರ್‌ಗಳ ಡಿಸ್ಕ್‌ಗಳನ್ನು ಅಳಿಸದೆ ಹಿಂದಿರುಗಿಸಿದ ಪ್ರಕರಣವನ್ನು ಬಗೆಹರಿಸಿಕೊಳ್ಳಲು 2013ರಲ್ಲಿ 12,15,780 ಡಾಲರ್ ತೆತ್ತಿತು. ನಿಮ್ಮ ಹಳೆಯ ಏಳು ಯಂತ್ರಗಳು ಈಗ ಹಿಂದಿರುಗುವ ಹಂತದಲ್ಲಿರುವುದರಿಂದ, ಈ ಕರಾರು ಹೊಸ ಒಪ್ಪಂದದಲ್ಲಿದ್ದರೆ ಸಾಲದು. ಹಳೆಯ ಸರಬರಾಜುದಾರರಿಗೆ ಇಂದೇ ಒಂದು ಪತ್ರ ಬರೆದು, ಯಂತ್ರಗಳು ಕಚೇರಿಯಿಂದ ಹೊರಬೀಳುವ ಮುಂಚೆ ನಿಮ್ಮ ಸಿಬ್ಬಂದಿಯ ಎದುರಿಗೇ ಅಳಿಸಲು ತಿಳಿಸಿ.